ಪ್ರಳಯದ ಸುದ್ದಿಯ ಪಕ್ಕದಲ್ಲೇ ಉತ್ತರವೂ ಇರಲಿ

ಮಾನ್ಯ ಸಂಪಾದಕರೇ,

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದವರು ಪರಮಾಣುವಿನೊಳಗಿನ ಕಣಗಳನ್ನು ಡಿಕ್ಕಿ ಹೊಡೆಸುವ ಈಗಿನ 27 ಕಿ.ಮೀ. ಸುತ್ತಳತೆಯ ಯಂತ್ರದ ನಂತರ 91 ಕಿ.ಮೀ.ನ ಇನ್ನೊಂದನ್ನು ಕಟ್ಟುವ ಯೋಚನೆಯಲ್ಲಿದ್ದಾರೆ. ಅದಿನ್ನೂ ಕಾಗದದ ಮೇಲಿದೆ. ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಮಾತ್ರ ವಿಡಿಯೊ ಆಗಲೇ ಬಂದಿದೆ. ಸರ್ನ್ ಆವರಣದ ನಟರಾಜನನ್ನು ತೋರಿಸಿ, ಪ್ರಳಯಕ್ಕೆ ಬಾಗಿಲು ತೆರೆಯುತ್ತಿದ್ದಾರೆ ಅನ್ನುತ್ತದೆ. ಆ ವಿಗ್ರಹ 2004ರಲ್ಲಿ ಭಾರತವೇ ಕೊಟ್ಟ ಉಡುಗೊರೆ!

ನಕ್ಕು ಸುಮ್ಮನಾಗಲು ನನ್ನಿಂದ ಆಗುತ್ತಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ, ಈಗಿನ ಯಂತ್ರ ಮೊದಲ ಬಾರಿ ಚಾಲೂ ಆಗಲಿದ್ದಾಗ, ನಾನು ಒಂಬತ್ತನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತಿದ್ದೆ. 'ಟೀಚರ್, ಬುಧವಾರ ಎಲ್ಲಾ ಮುಗಿದೋಗುತ್ತಂತೆ, ಹೌದಾ?' ಅಂತ ಮಕ್ಕಳು ಕೇಳುತ್ತಿದ್ದರು. ಹಾಗಾದರೆ ಹೋಂವರ್ಕ್ ಯಾಕೆ ಅಂದ ತರಲೆಯೂ ಇದ್ದ, ರಾತ್ರಿ ಊಟ ಬಿಟ್ಟು ಬಂದ ಹುಡುಗಿಯೂ ಇದ್ದಳು. ಟಿವಿಯಲ್ಲಿ ಜ್ಯೋತಿಷಿಗಳು ಸಾಲಾಗಿ ಕೂತಿದ್ದರು. ಅದೇ ವಾರ ಮಧ್ಯಪ್ರದೇಶದಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಜೀವ ಕಳೆದುಕೊಂಡಳು. ಟಿವಿ ನೋಡಿ ಹೆದರಿದ್ದಳು ಎಂದು ಅವಳ ತಂದೆ ಹೇಳಿದ್ದು ವರದಿಯಾಗಿತ್ತು.

ಆ ಬುಧವಾರ, ಸೆಪ್ಟೆಂಬರ್ 10ರಂದು, ಅಲ್ಲಿ ಒಂದೇ ಒಂದು ಡಿಕ್ಕಿಯೂ ನಡೆಯಲಿಲ್ಲ. ಪ್ರೋಟಾನ್‌ಗಳನ್ನು ಉಂಗುರದಲ್ಲಿ ಸುತ್ತು ಹಾಕಿಸಿ ನೋಡಿದರು, ಅಷ್ಟೇ. ಮೊದಲ ಡಿಕ್ಕಿ ಆದದ್ದು ಮರುವರ್ಷ ನವೆಂಬರ್‌ನಲ್ಲಿ. ನಡುವೆ ನಿಜವಾದ ಅಪಘಾತವೊಂದು ಆಯಿತು: ಸೆಪ್ಟೆಂಬರ್ 19ರಂದು ಅಯಸ್ಕಾಂತಗಳ ನಡುವಿನ ವಿದ್ಯುತ್ ಜೋಡಣೆ ಸುಟ್ಟು, ಟನ್‌ಗಟ್ಟಲೆ ಹೀಲಿಯಂ ಸೋರಿ, ಯಂತ್ರ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಪ್ರಳಯಕ್ಕೆ ಕಾದು ಕೂತಿದ್ದ ಚಾನೆಲ್‌ಗಳಿಗೆ ಈ ಸುದ್ದಿ ಬೇಕಾಗಿರಲಿಲ್ಲ.

ಹೆದರಿದ್ದು ಮಕ್ಕಳ ತಪ್ಪಲ್ಲ. ಡಿಕ್ಕಿಯಲ್ಲಿ ಕಪ್ಪುಕುಳಿ ಹುಟ್ಟಿ ಭೂಮಿಯನ್ನು ನುಂಗಿದರೆ ಎಂಬುದು ಕೇಳಬಾರದ ಪ್ರಶ್ನೆಯೇನೂ ಅಲ್ಲ. ಅಮೆರಿಕದ ಹವಾಯಿಯಲ್ಲಿ ಇದರ ಮೇಲೆ ಮೊಕದ್ದಮೆಯನ್ನೇ ಹೂಡಿದ್ದರು. ಆದರೆ ಉತ್ತರವೂ ಆಗಲೇ ಇತ್ತು. ಅಂತಹ ಒಂದು ಡಿಕ್ಕಿಯ ಒಟ್ಟು ಶಕ್ತಿ ಹಾರುವ ಒಂದು ಡಜನ್ ಸೊಳ್ಳೆಗಳ ಚಲನಶಕ್ತಿಯಷ್ಟು. ಅದು ತೀರಾ ಸಣ್ಣ ಜಾಗದಲ್ಲಿ ಒತ್ತೊತ್ತಾಗಿ ಸೇರುವುದೇ ವಿಶೇಷ. ಇದಕ್ಕಿಂತ ಹತ್ತಾರು ಪಟ್ಟು ಜೋರಾದ ಡಿಕ್ಕಿಗಳು ವಿಶ್ವಕಿರಣಗಳಿಂದ, ಅಂದರೆ ಬಾಹ್ಯಾಕಾಶದಿಂದ ಬಂದು ಬಡಿಯುವ ಅತಿವೇಗದ ಕಣಗಳಿಂದ, ನಮ್ಮ ತಲೆಯ ಮೇಲಿನ ವಾತಾವರಣದಲ್ಲಿ ಕೋಟ್ಯಂತರ ವರ್ಷಗಳಿಂದ ಆಗುತ್ತಲೇ ಇವೆ, ಭೂಮಿ ಹಾಗೇ ಇದೆ. 91 ಕಿ.ಮೀ. ಯಂತ್ರ ಬಂದರೂ ಅವುಗಳನ್ನು ಮುಟ್ಟಲಾರದು.

ಬುದ್ಧಿವಂತ ಹುಡುಗ ಇಲ್ಲಿಗೆ ಬಿಡುವುದಿಲ್ಲ. ಆಕಾಶದಲ್ಲಿ ಹುಟ್ಟಿದ ಕಪ್ಪುಕುಳಿ ಅದೇ ವೇಗದಲ್ಲಿ ಭೂಮಿಯನ್ನು ದಾಟಿ ಹೋಗಬಹುದು, ಯಂತ್ರದಲ್ಲಿ ಹುಟ್ಟಿದ್ದು ಇಲ್ಲೇ ಉಳಿದರೆ? ಒಳ್ಳೆಯ ಪ್ರಶ್ನೆ. ವಿಶ್ವಕಿರಣಗಳು ನ್ಯೂಟ್ರಾನ್ ನಕ್ಷತ್ರ, ಶ್ವೇತಕುಬ್ಜಗಳಿಗೂ ಬಡಿಯುತ್ತವೆ. ಸತ್ತ ನಕ್ಷತ್ರಗಳ ಅವಶೇಷಗಳಾದ ಇವು ಎಷ್ಟು ಸಾಂದ್ರವೆಂದರೆ ಅಂತಹ ವೇಗದ ಕಪ್ಪುಕುಳಿಯನ್ನೂ ತಡೆದು ನಿಲ್ಲಿಸುತ್ತವೆ. ಅದು ನುಂಗುವಂಥದ್ದೇ ಆಗಿದ್ದರೆ ಅವು ಯಾವತ್ತೋ ಇಲ್ಲವಾಗುತ್ತಿದ್ದವು. ಇವತ್ತಿಗೂ ಇವೆ. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಟಿವಿಯಲ್ಲಿ ಆ ಎರಡು ನಿಮಿಷ ಯಾರಿಗೂ ಸಿಗಲಿಲ್ಲ. 2012ರಲ್ಲಿ 'ದೇವಕಣ' ಎಂದು ಅಡ್ಡಹೆಸರಿರುವ ಹಿಗ್ಸ್ ಕಣ ಅಲ್ಲಿ ಸಿಕ್ಕಾಗ ದೇವರೇ ಸಿಕ್ಕನೆಂಬಂತೆ ಕುಣಿಯಲು ಮಾತ್ರ ಬೇಕಾದಷ್ಟು ಸಮಯವಿತ್ತು.

ಈ ವಿಶ್ವಕಿರಣಗಳ ಪಾಠ ಹೇಳಲು ಜಿನೀವಾಕ್ಕೇ ಹೋಗಬೇಕಿಲ್ಲ. ನಮ್ಮ ಪಕ್ಕದ ಕೆಜಿಎಫ್ ಗಣಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ ವಿಜ್ಞಾನಿಗಳ ಜೊತೆಗೂಡಿ ಎರಡು ಕಿ.ಮೀ.ಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟಿದ್ದರು. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದು ಹುಟ್ಟುವ ನ್ಯೂಟ್ರಿನೊ ಎಂಬ, ಹಿಡಿಯಲು ಬಲು ಕಷ್ಟದ ಕಣಗಳ ಸುಳಿವು 1965ರಲ್ಲಿ ಅಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತು. ಹೀಗೆ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಅದಕ್ಕೆ ಮೊದಲು ಜಗತ್ತಿನಲ್ಲಿ ಯಾರೂ ಕಂಡಿರಲಿಲ್ಲ. ಕೆಜಿಎಫ್ ಅಂದರೆ ಸಿನಿಮಾ ಅಷ್ಟೇ ಅಂದುಕೊಂಡಿರುವ ಇಂದಿನ ಮಕ್ಕಳಿಗೆ ಇದನ್ನು ಹೇಳುವವರಿಲ್ಲ.

ನನ್ನ ಕೋರಿಕೆ ಇಷ್ಟು. ಹೊಸ ಯಂತ್ರದ ಸುದ್ದಿ ಮತ್ತೆ ಪ್ರಳಯದ ವೇಷದಲ್ಲಿ ಬಂದಾಗ, ಅದೇ ದಿನ ಅದೇ ಪುಟದಲ್ಲಿ ಬಲ್ಲವರೊಬ್ಬರ ಉತ್ತರವನ್ನೂ ಹಾಕಿ. ಮರುದಿನದ ಒಳಪುಟಕ್ಕೆ ತಳ್ಳಬೇಡಿ. ಭೌತವಿಜ್ಞಾನವನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಬೆಂಗಳೂರಿನಲ್ಲೇ ಇದ್ದಾರೆ. ಫೋನ್ ಮಾಡಿದರೆ ಇಲ್ಲ ಅನ್ನುವವರಲ್ಲ.

– ನಿವೃತ್ತ ವಿಜ್ಞಾನ ಶಿಕ್ಷಕಿ, ಬಂಗಾರಪೇಟೆ