ಮಳೆ ವಾರ, ರಾಗಿ ಕುಯ್ಲು, ಕೆರೆ ಕೋಡಿ: ಪೋಷಕರಿಗೆ ಒಂದು ಪತ್ರ

ಎಲ್ಲ ಪೋಷಕರಿಗೂ ನಮಸ್ಕಾರ.

ಭಾನುವಾರ ಸಂಜೆ ಕೂತು ಇದನ್ನು ಬರೆಯುತ್ತಿದ್ದೇನೆ. ಮಧ್ಯಾಹ್ನದಿಂದ ನನ್ನ ಫೋನಿಗೆ ಒಂದೇ ಪ್ರಶ್ನೆ ಬರುತ್ತಿದೆ: "ಮೇಡಂ, ಸೈಕ್ಲೋನ್ ಅಂತೆ, ರಜಾ ಕೊಡ್ತೀರಾ?" ರಜೆ ಕೊಡುವುದು ನಾನಲ್ಲ, ಡೀಸಿ ಆಫೀಸು. ಅಲ್ಲಿಂದ ಆದೇಶ ಬಂದ ತಕ್ಷಣ ಗ್ರೂಪಿಗೆ ಹಾಕುತ್ತೇನೆ. ಅದು ಬೆಳಿಗ್ಗೆ ಆರಕ್ಕೂ ಬರಬಹುದು, ನೀವು ಮಗುವಿಗೆ ಜಡೆ ಹಾಕಿ ಮುಗಿಸಿದ ಮೇಲೂ ಬರಬಹುದು, ಬಾರದೆಯೂ ಇರಬಹುದು. ಹಾಗಾಗಿ ರಜೆಯ ವಿಷಯ ಬಿಡಿ, ನಿಮ್ಮ ಮಗು ನಡೆದು ಬರುವ ದಾರಿಯಲ್ಲಿ ನೀರು ಇದೆಯಾ ಅದನ್ನು ನೋಡಿ ಅಂತ ಹೇಳುವುದಕ್ಕೆ ಈ ಪತ್ರ.

ಮೊದಲು ಈ ವಾರ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಸೋಮವಾರ, ಮಂಗಳವಾರ ಮಳೆ ಇಲ್ಲ, ಬೆಳಿಗ್ಗೆ ಮಂಜು ಮಾತ್ರ. ಬುಧವಾರ ಮೋಡ ಕಟ್ಟುತ್ತದೆ. ಬಂಗಾಳ ಕೊಲ್ಲಿಯಲ್ಲಿ ಎದ್ದಿರುವ ವಾಯುಭಾರ ಕುಸಿತ ತಮಿಳುನಾಡು ತೀರದ ಕಡೆ ಬರುತ್ತಿದೆ, ಅದು ಹತ್ತಿರ ಬಂದರೆ ಗುರುವಾರ, ಶುಕ್ರವಾರ ನಮ್ಮ ಕೋಲಾರದ ಕಡೆ ಮಳೆ ಜಾಸ್ತಿ. ಶನಿವಾರ ಜಿಟಿಜಿಟಿ. ಭಾನುವಾರ ಬಿಸಿಲು ಬಂದರೂ ಬರಬಹುದು. ಈ ಹಿಂಗಾರು ಮಳೆಯನ್ನು ದಿನ ಲೆಕ್ಕ ಹಾಕಿ ನಂಬುವ ಹಾಗಿಲ್ಲ, ನಿಮಗೇ ಗೊತ್ತಲ್ವಾ, ಒಂದು ದಿನ ಆಚೀಚೆ ಆಗುತ್ತದೆ.

ಒಂದು ವಿಷಯ ಮಾತ್ರ ತಲೆಯಲ್ಲಿ ಇಟ್ಟುಕೊಳ್ಳಿ. ಟಿವಿಯಲ್ಲಿ "ಚಂಡಮಾರುತ ತೀರ ದಾಟಿತು" ಅಂತ ಬಂದ ಕೂಡಲೇ ಸದ್ಯ ಮುಗೀತು ಅಂದುಕೊಳ್ಳುತ್ತೇವೆ. ನಮಗೆ ಶುರುವಾಗುವುದೇ ಆಮೇಲೆ. 2024ರ ಫೆಂಗಲ್ ಚಂಡಮಾರುತ ನೆನಪಿದೆಯಾ? ನವೆಂಬರ್ 30ರ ಶನಿವಾರ ರಾತ್ರಿ ಅದು ಪುದುಚೇರಿ ಹತ್ತಿರ ತೀರ ದಾಟಿತು, ನಮಗೆ ಮಳೆ ಹಿಡಿದಿದ್ದು ಅದಾದ ಮೇಲೆ. ಗಾಳಿಯ ಜೋರು ಕರಾವಳಿಯಲ್ಲೇ ಇಳಿಯುತ್ತದೆ, ನೀರು ಹೊತ್ತ ಮೋಡ ಮಾತ್ರ ನಿಧಾನಕ್ಕೆ ನಮ್ಮ ಕಡೆ ಬಂದು ಕೂರುತ್ತದೆ.

ಹಳದಿ, ಕಿತ್ತಳೆ, ಕೆಂಪು ಅಲರ್ಟ್ ಅಂದರೆ ಏನು ಅಂತ ಒಬ್ಬರು ಕೇಳಿದ್ದರು. ಹಳದಿ ಅಂದರೆ ಕಣ್ಣಿಟ್ಟಿರಿ, ಕಿತ್ತಳೆ ಅಂದರೆ ತಯಾರಾಗಿರಿ, ಕೆಂಪು ಅಂದರೆ ಕೂಡಲೇ ಜೋಪಾನ ಮಾಡಿಕೊಳ್ಳಿ. ಭಾರೀ ಮಳೆ ಅಂತ ಹವಾಮಾನ ಇಲಾಖೆ ಕರೆಯುವುದು 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ. ಕೇಳಿದರೆ ಅಷ್ಟೇನಾ ಅನ್ನಿಸುತ್ತದೆ. ಆದರೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ನೀರು. ನಿಮ್ಮ ಅಂಗಳಕ್ಕೆ ಲೆಕ್ಕ ಹಾಕಿ ನೋಡಿ, ಆರನೇ ಕ್ಲಾಸಿನ ಮಗು ಮನೆಯಲ್ಲಿದ್ದರೆ ಅದರ ಕೈಲೇ ಹಾಕಿಸಿ.

ಈಗ ಕೆರೆ ವಿಷಯ. ನನಗೆ ನಿಜವಾಗಿ ಭಯ ಇರುವುದು ಇದರದ್ದೇ.

ನಾವೆಲ್ಲ ಬೆಳೆದಿದ್ದು ಒಣಗಿದ ಕೆರೆಗಳನ್ನು ನೋಡಿಕೊಂಡು. ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿದವರು ನೀವು, ತುಂಬಿದ ಕೆರೆಯ ನೀರು ಹೊರಗೆ ಹರಿಯಬೇಕಾದ ಕೋಡಿ ಅಂದರೆ ಕೂತು ಹರಟೆ ಹೊಡೆಯುವ ಕಲ್ಲುಕಟ್ಟೆ ನಮಗೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ನೀರು, ಬರಲು ಶುರುವಾದ ಮೇಲೆ ಅದೆಲ್ಲ ಬದಲಾಯಿತು. ಮೊದಲು ಎಷ್ಟು ಮಳೆ ಬಂದರೂ ಕೆರೆ ಕುಡಿದುಬಿಡುತ್ತಿತ್ತು. ಈಗ ನಮ್ಮೂರ ಕೆರೆ ಮೊದಲೇ ಮುಕ್ಕಾಲು ತುಂಬಿ ಕೂತಿದೆ, ಒಂದು ರಾತ್ರಿ ಜೋರು ಮಳೆ ಬಂದರೆ ಬೆಳಿಗ್ಗೆಗೆ ಕೋಡಿ. 2021ರ ನವೆಂಬರಿನಲ್ಲಿ ಕೋಡಿ ಬಿದ್ದಾಗ ಊರಿಗೆ ಊರೇ ಹೋಗಿ ಪೂಜೆ ಮಾಡಿ ಸೆಲ್ಫಿ ತೆಗೆದುಕೊಂಡು ಬಂದಿದ್ದೆವು, ನಾನೂ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮಲ್ಲಿ ಎಷ್ಟು ಜನಕ್ಕೆ ಈಜು ಬರುತ್ತದೆ? ನಮಗೇ ಬಾರದ್ದು ಮಕ್ಕಳಿಗೆ ಹೇಗೆ ಬರಬೇಕು?

ಕೆರೆ ಏರಿ ಆಚೆಯಿಂದ ಬರುವ ಮಕ್ಕಳು ಕೋಡಿ ಕಾಲುವೆ ದಾಟಿಯೇ ಬರಬೇಕು. ಮೊಣಕಾಲುದ್ದ ನೀರಿಗೆ ದೊಡ್ಡವರ ಕಾಲೇ ನಿಲ್ಲುವುದಿಲ್ಲ, ಕೆಳಗೆ ಪಾಚಿ ಬೇರೆ. ಕಾಲುವೆಯಲ್ಲಿ ನೀರು ಹರಿಯುತ್ತಿದ್ದರೆ ಕಳಿಸಬೇಡಿ. ನನಗೆ ಒಂದು ಮೆಸೇಜ್ ಹಾಕಿ ಸಾಕು, ಯಾಕೆ ಬರಲಿಲ್ಲ ಅಂತ ಯಾವ ಟೀಚರೂ ಬೈಯುವುದಿಲ್ಲ, ತಪ್ಪಿದ ಪಾಠ ನಾವು ಹೇಳಿಕೊಡುತ್ತೇವೆ. ಅಣ್ಣ ಕೈ ಹಿಡಿದು ದಾಟಿಸುತ್ತಾನೆ ಅನ್ನಬೇಡಿ. ಆ ಅಣ್ಣ ಏಳನೇ ಕ್ಲಾಸು.

ಹೆದ್ದಾರಿ ಆ ಕಡೆಯಿಂದ ಬರುವವರಿಗೆ ಮಳೆಗಿಂತ ಮಂಜಿನ ಕಾಟ. ಎಂಟು ಗಂಟೆಯವರೆಗೂ ಲಾರಿಯವರಿಗೆ ಮಕ್ಕಳು ಕಾಣುವುದಿಲ್ಲ, ಸೋಮವಾರ, ಮಂಗಳವಾರ ಹತ್ತು ನಿಮಿಷ ತಡವಾದರೂ ಪರವಾಗಿಲ್ಲ, ದೊಡ್ಡವರೊಬ್ಬರು ದಾಟಿಸಿ ಹೋಗಿ.

ಇನ್ನು ರಾಗಿ. ನಾನೂ ರೈತರ ಮನೆಯವಳೇ. ಹೊಲದಲ್ಲಿ ಕುಯ್ದು ಹಾಕಿದ ಅರಿ ಹಾಗೇ ಬಿದ್ದಿದ್ದು ಮಳೆ ಬಂದರೆ ತೆನೆಯಲ್ಲೇ ಮೊಳಕೆ ಬರುತ್ತದೆ, ಹುಲ್ಲು ಕಪ್ಪಾಗುತ್ತದೆ, 2021ರಲ್ಲಿ ಎಲ್ಲರೂ ಕಣ್ಣಾರೆ ನೋಡಿದ್ದೇವೆ. ಮಳೆ ಇಲ್ಲದಿರುವುದು ಎರಡೇ ದಿನ, ಅಷ್ಟರಲ್ಲಿ ಕಂತೆ ಕಟ್ಟಿ ಮೆದೆ ಹಾಕಿ ಟಾರ್ಪಾಲು ಮುಚ್ಚಬೇಕು, ಆಳು ಸಿಗುವುದಿಲ್ಲ, ಹಾಗಾಗಿ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗುತ್ತೀರಿ. ಗೊತ್ತು. ಆದರೂ ಕಳಿಸಿ ಅಂತಲೇ ಕೇಳುತ್ತೇನೆ. ಗುರುವಾರ, ಶುಕ್ರವಾರ ಹೇಗೂ ಪಾಠ ಆಗುವುದು ಅನುಮಾನ, ಈ ಎರಡು ದಿನವೂ ಹೋದರೆ ವಾರವೇ ಹೋಯಿತು. ಚಿಕ್ಕವರು ಹೊಲದಲ್ಲಿ ಸುಮ್ನೆ ಬದುವಿನ ಮೇಲೆ ಕೂತಿರುತ್ತಾರೆ, ಇಲ್ಲಿ ಬಂದರೆ ಬಿಸಿ ಹಾಲಾದರೂ ಕುಡಿಯುತ್ತಾರೆ, ಮಧ್ಯಾಹ್ನ ಊಟ ಇದೆ. ದೊಡ್ಡವರು ಶಾಲೆ ಬಿಟ್ಟ ಮೇಲೆ ಬಂದು ಕೈಹಾಕಲಿ.

ಚಳಿಗೆ ಯೂನಿಫಾರಂ ಮೇಲೆ ಯಾವ ಸ್ವೆಟರ್ ಆದರೂ ಸರಿ, ಬಣ್ಣ ಕೇಳುವುದಿಲ್ಲ. ಮೋಡ ಇದ್ದಾಗ ಹಗಲು ಚಳಿ, ಮೋಡ ಸರಿದ ಮೇಲೆ ರಾತ್ರಿ ಚಳಿ ಇನ್ನೂ ಜಾಸ್ತಿ. ಮೋಡ ಒಂದು ಥರ ಕಂಬಳಿ ಇದ್ದ ಹಾಗೆ, ಅದು ಹೋದರೆ ನೆಲದ ಬಿಸಿ ಎಲ್ಲ ಮೇಲಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ಮಳೆ ನಿಂತಿತು ಅಂತ ಸ್ವೆಟರ್ ತೆಗೆದಿಡಬೇಡಿ. (ಇಬ್ಬನಿ ಬಿದ್ದರೆ ಅವರೆಕಾಯಿಗೆ ಸೊನೆ ಏರುತ್ತದೆ ಅನ್ನುವ ಒಂದು ಸಮಾಧಾನ ಇದೆ ನೋಡಿ.) ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡಿ. ಜ್ವರ ಇದ್ದರೆ ಮಾತ್ರೆ ನುಂಗಿಸಿ ಕಳಿಸಬೇಡಿ, ಹನ್ನೊಂದು ಗಂಟೆಗೆ ಮತ್ತೆ ಏರುತ್ತದೆ.

ಮೂರನೇ ತರಗತಿಯ ಕೋಣೆ ಸೋರುತ್ತದೆ, ಅದು ನಿಮಗೆ ಹೊಸದೇನಲ್ಲ. ಬುಧವಾರದಿಂದ ಆ ಮಕ್ಕಳು ಚಿಕ್ಕ ತರಗತಿಯವರ ನಲಿ-ಕಲಿ ಕೋಣೆಯಲ್ಲಿ ಕೂರುತ್ತಾರೆ. ಶಾಲಾ ಸಮಿತಿ ಎಸ್‌ಡಿಎಂಸಿಯವರು ಯಾರಾದರೂ ನಾಳೆ ಸಂಜೆ ಒಳಗೆ ಹೆಂಚಿನ ಮೇಲೆ ಹೊದಿಸಲು ಒಂದು ಟಾರ್ಪಾಲು ಕೊಟ್ಟರೆ ಉಪಕಾರ, ರಾಗಿ ಮೆದೆಗೆ ಮುಚ್ಚಿ ಉಳಿದಿದ್ದೇ ಸಾಕು.

ಗುರುವಾರ, ಶುಕ್ರವಾರ ಬೆಳಿಗ್ಗೆ ಆರೂವರೆಗೆ ನಾನೇ ಏರಿ ಮೇಲೆ ಹೋಗಿ ಕೋಡಿ ಕಾಲುವೆ ನೋಡಿ, ಫೋಟೋ ತೆಗೆದು ಗ್ರೂಪಿಗೆ ಹಾಕುತ್ತೇನೆ. ಅದನ್ನು ನೋಡಿ ಆಮೇಲೆ ಮಕ್ಕಳನ್ನು ಹೊರಡಿಸಿ. ಬುಧವಾರ ರಾತ್ರಿಯೇ ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಿ, ಮಳೆ ಬಂದರೆ ಕರೆಂಟ್ ಇರುವುದಿಲ್ಲ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ