ಮೆಣಸಿನಕಾಯಿ ದರದ ಪಕ್ಕ ರಿಚಾರ್ಜ್ ದರವನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ಇರುತ್ತೇನೆ, ನಮ್ಮವ್ವ ಅಣ್ಣಿಗೇರಿ ಹತ್ತಿರದ ನಮ್ಮ ಹಳ್ಳಿಯಲ್ಲಿ. ಅವಳ ಹತ್ತಿರ ಇರೋದು ಗುಂಡಿ ಒತ್ತುವ ಕೀಪ್ಯಾಡ್ ಫೋನ್. ಅದರಿಂದ ಅವಳಿಗೆ ಬೇಕಾದದ್ದು ಮೂರೇ: ನನ್ನ ಜೊತೆ ಮಾತು, ಲಕ್ಷ್ಮೇಶ್ವರದಲ್ಲಿರುವ ಅಕ್ಕನ ಜೊತೆ ಮಾತು, ಬ್ಯಾಂಕಿನಿಂದ ಬರುವ ಮೆಸೇಜು. ರಿಚಾರ್ಜ್ ಮಾಡಿಸಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಒಂದು ಗುರುತು ಹಾಕುತ್ತಾಳೆ, ಹಾಲಿನ ಲೆಕ್ಕ ಇಟ್ಟ ಹಾಗೆ. ಈ ಸಲ ಊರಿಗೆ ಹೋದಾಗ ಹಳೇ ಕ್ಯಾಲೆಂಡರ್ ಕೈಗೆ ಸಿಕ್ಕಿತು. ಸುಮ್ನೆ ಎಣಿಸಿದೆ. 13 ಗುರುತು ಇದ್ದವು. ವರ್ಷಕ್ಕೆ 12 ತಿಂಗಳು ಅಲ್ವಾ, ಇದು ಹೇಗೆ ಅಂತ ಕೇಳಿದೆ. "ನಾನ ಮರತು ಒಂದ ತಿಂಗಳದಾಗ ಎರಡ ಸಲ ಹಾಕಿಸಿರಬೇಕಪಾ" ಅಂದಳು. ತಪ್ಪು ತನ್ನದೇ ಅಂದುಕೊಂಡಿದ್ದಳು. ಆ ಮಾತು ನನಗೆ ಬಹಳ ಚುಚ್ಚಿತು. ಅದಕ್ಕೇ ಈ ಪತ್ರ.

ಅವ್ವ ಮರೆತಿರಲಿಲ್ಲ. ಅವಳ ಪ್ಯಾಕ್ 28 ದಿನದ್ದು. 28 ದಿನದಂತೆ 13 ಸಲ ಹಾಕಿಸಿದರೆ 364 ದಿನ ಆಗುತ್ತದೆ. ಅಂಗಡಿಯವರು, ಮನೆಯವರು, ನಾವೆಲ್ಲ ಇದನ್ನು "ತಿಂಗಳ ರಿಚಾರ್ಜ್" ಅಂತಲೇ ಕರೆಯುತ್ತೇವೆ. ಆದರೆ ಇದು ನಮ್ಮ ತಿಂಗಳಲ್ಲ. 199 ರೂಪಾಯಿಯ ಪ್ಯಾಕ್ ವರ್ಷಕ್ಕೆ 12 ಸಲ ಅಂದರೆ 2,388 ರೂಪಾಯಿ, 13 ಸಲ ಅಂದರೆ 2,587. ಒಂದು ಪ್ಯಾಕಿನ ದುಡ್ಡು ಏನು ಮಹಾ ಅಂತ ಪಟ್ಟಣದಲ್ಲಿ ಪಗಾರ ತೆಗೆದುಕೊಳ್ಳುವ ನಮಗೆ ಅನಿಸಬಹುದು. ಹೊಲಕ್ಕೆ ಕಳೆ ತೆಗೆಯಲು ಹೋಗುವ ಹೆಣ್ಣುಮಗಳಿಗೆ ಅದು ಹೆಚ್ಚೂಕಡಿಮೆ ಒಂದು ದಿನದ ಕೂಲಿ.

ಇದಕ್ಕೆ ನಿಯಮ ಇಲ್ಲ ಅಂತಲ್ಲ. ದೂರಸಂಪರ್ಕದ ಮೇಲೆ ಕಣ್ಣಿಡುವ ಟ್ರಾಯ್ 2022ರ ಜನವರಿಯಲ್ಲೇ ಆದೇಶ ಮಾಡಿದೆ: ಪ್ರತಿ ಕಂಪನಿಯೂ ಪೂರ್ತಿ 30 ದಿನದ ಪ್ಯಾಕನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕನ್ನೂ ಇಡಲೇಬೇಕು. ಇಟ್ಟಿದ್ದಾರೆ ಕೂಡ. ಆದರೆ ಕೇಳಿದವರಿಗೆ ಮಾತ್ರ ಸಿಗುತ್ತದೆ. ಕೇಳಬೇಕು ಅಂತ ಅವ್ವನಂಥವರಿಗೆ ಹೇಳುವವರು ಯಾರು?

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಅವ್ವನ ಪ್ಯಾಕಿನಲ್ಲಿ ಡೇಟಾ ಸೇರಿತ್ತು. ಅವಳ ಫೋನಿನಲ್ಲಿ ಇಂಟರ್ನೆಟ್ಟೇ ಇಲ್ಲ! ಅಂದರೆ ವರ್ಷಗಟ್ಟಲೆ ಆಕೆ ಉಪಯೋಗಿಸದ, ಉಪಯೋಗಿಸಲು ಆಗದ ಡೇಟಾಕ್ಕೆ ದುಡ್ಡು ಕೊಟ್ಟಿದ್ದಾಳೆ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಇದಕ್ಕೂ ದಾರಿ ಮಾಡಿತು. ಡೇಟಾ ಬೇಡದವರಿಗೆ ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಕೊಡಬೇಕು ಅಂದಿತು. ಇಂಥ ಪ್ಯಾಕಿನ ಅವಧಿಗೆ ಮೊದಲು 90 ದಿನದ ಮಿತಿ ಇತ್ತು, ಅದನ್ನು 365 ದಿನಕ್ಕೆ ಏರಿಸಿತು. ಆಮೇಲೆ 2025ರ ಜನವರಿಯಲ್ಲಿ ಏರ್‌ಟೆಲ್ 365 ದಿನಕ್ಕೆ 1,849 ರೂಪಾಯಿಯ ಪ್ಯಾಕ್ ಇಟ್ಟಿತು, ಜಿಯೋ 336 ದಿನಕ್ಕೆ 1,748 ರೂಪಾಯಿಯದ್ದು. ದರ ಮೇಲೆ ಕೆಳಗೆ ಆಗುತ್ತಿರುತ್ತದೆ, ಹಾಕಿಸುವ ದಿನ ಇನ್ನೊಮ್ಮೆ ನೋಡಿಕೊಳ್ಳಿ. ಆದರೆ ದಿನಗಳನ್ನು ಎಣಿಸಿ. 336 ಅಂದರೆ ಮತ್ತೆ ಅದೇ 28 ದಿನದ 12 ತುಂಡು. ಅದನ್ನು ಪೂರ್ತಿ ವರ್ಷದ್ದು ಅಂದುಕೊಂಡರೆ 29 ದಿನ ಕಡಿಮೆ ಬೀಳುತ್ತದೆ. ದಿನಕ್ಕೆ ಎಷ್ಟು ಬಿತ್ತು ಅಂತ ಭಾಗಿಸಿದರೆ ಮೊದಲನೆಯದು 5 ರೂಪಾಯಿ 7 ಪೈಸೆ, ಎರಡನೆಯದು 5 ರೂಪಾಯಿ 20 ಪೈಸೆ. ಮೇಲೆ ಬರೆದ ರೊಕ್ಕ ಕಡಿಮೆ ಕಂಡರೂ ದಿನದ ಲೆಕ್ಕದಲ್ಲಿ ಅದೇ ಜಾಸ್ತಿ.

ನಾನು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ, ಬರೀ ಮಾತಿಗೆ ಇರುವ ವರ್ಷದ ಪ್ಯಾಕ್ ಹಾಕಿ ಅಂದೆ. "ಅಂಥಾದ್ದು ಯಾವುದೂ ಇಲ್ರೀ ಅಣ್ಣಾರ, ಇದನ್ನ ಹಾಕಸ್ರಿ, ಡೇಟಾನೂ ಬರತೈತಿ" ಅಂದ ಹುಡುಗ. ಅವನ ಫೋನಿನಲ್ಲೇ ಪಟ್ಟಿಯನ್ನು ಕೆಳಗೆ, ಇನ್ನೂ ಕೆಳಗೆ ಸರಿಸುತ್ತಾ ಹೋಗಿ ತೋರಿಸಿದೆ. "ಹೌದಲ್ರೀ!" ಅಂತ ಅವನಿಗೇ ಆಶ್ಚರ್ಯ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ಯಾರೂ ಹೇಳಿಲ್ಲ. ಆದರೆ ಅವ್ವ ಒಬ್ಬಳೇ ಹೋಗಿದ್ದರೆ 14ನೇ ಗುರುತು ಬೀಳುತ್ತಿತ್ತು.

ರಿಚಾರ್ಜ್ ಬೇಡವೇ ಬೇಡ ಅಂತ ಬಿಡುವ ಹಾಗೂ ಇಲ್ಲ. ಈಗ ನಂಬರ್ ಅಂದರೆ ಬರೀ ಮಾತಲ್ಲ. ಆಧಾರ್ ಅದಕ್ಕೆ, ಬ್ಯಾಂಕ್ ಅದಕ್ಕೆ, ಸರ್ಕಾರದ ರೊಕ್ಕ ಜಮಾ ಆಯಿತೋ ಇಲ್ಲವೋ ಅಂತ ತಿಳಿಯುವುದೂ ಅದರಿಂದಲೇ. 90 ದಿನ ಏನೂ ಬಳಸದೆ ಬಿಟ್ಟರೆ ಕಂಪನಿ ಆ ನಂಬರನ್ನು ಬಂದ್ ಮಾಡಬಹುದು, ಮುಂದೆ ಬೇರೆಯವರಿಗೂ ಕೊಡಬಹುದು. ಆಮೇಲೆ ನಮ್ಮ ಒಟಿಪಿ ಯಾರ ಫೋನಿಗೋ ಹೋಗುತ್ತದೆ. ಅಪ್ಪ ತೀರಿಕೊಂಡ ಮೇಲೂ ಅಪ್ಪನ ನಂಬರಿಗೆ ರಿಚಾರ್ಜ್ ಹಾಕಿಸುತ್ತಿರುವ ಮನೆಗಳು ನಮ್ಮ ಓಣಿಯಲ್ಲೇ ಇವೆ, ಯಾಕೆಂದರೆ ಪಾಸ್‌ಬುಕ್ಕಿಗೆ ಜೋಡಿಸಿದ್ದು ಅದೊಂದೇ ನಂಬರ್. ಇಂಥವರಿಗೆಲ್ಲ ಬೇಕಾದದ್ದು ಮಾತು ಮತ್ತು ಮೆಸೇಜಿನ ಪ್ಯಾಕೇ.

ಇನ್ನು ಫೋನ್ ಕೊಳ್ಳುವ ಮಾತು. ಹಾವೇರಿಯಲ್ಲಿರುವ ನಮ್ಮ ಕಾಕಾ ಹೊಸ ಕೀಪ್ಯಾಡ್ ಫೋನ್ ತಂದು ಸಿಮ್ ಹಾಕಿದರೆ ನೆಟ್‌ವರ್ಕೇ ಬರಲಿಲ್ಲ. ಎರಡು ದಿನ ಫೋನ್ ಕೆಟ್ಟಿದೆ ಅಂದುಕೊಂಡಿದ್ದರು. ಫೋನ್ ಚೆನ್ನಾಗೇ ಇತ್ತು, ಅದು 2ಜಿ ಫೋನು, ಸಿಮ್ 4ಜಿ ಮಾತ್ರ ಇರುವ ಕಂಪನಿಯದ್ದು. ಕಡಿಮೆ ಬೆಲೆಯ ಕೀಪ್ಯಾಡ್ ಫೋನುಗಳಲ್ಲಿ ಬಹಳಷ್ಟು 2ಜಿಯವೇ. 4ಜಿ ಕೀಪ್ಯಾಡ್ ಫೋನೂ ಸಿಗುತ್ತವೆ, ಸ್ವಲ್ಪ ಬೆಲೆ ಜಾಸ್ತಿ, ಅವುಗಳಲ್ಲೂ ಕೆಲವಕ್ಕೆ ಒಂದೇ ಕಂಪನಿಯ ಸಿಮ್ ನಡೆಯುತ್ತದೆ. ಅಂಗಡಿಯವರು ಬಣ್ಣ ಯಾವುದು ಬೇಕು ಅಂತ ಕೇಳುತ್ತಾರೆ, ನಿಮ್ಮ ಸಿಮ್ ಯಾವುದು ಅಂತ ಕೇಳುವುದಿಲ್ಲ. ನಿಮ್ಮ ಸಿಮ್ ತೆಗೆದುಕೊಂಡೇ ಹೋಗಿ, ಅಲ್ಲೇ ಹಾಕಿ, ಅಲ್ಲೇ ಒಂದು ಕಾಲ್ ಮಾಡಿ, ಆಮೇಲೆ ದುಡ್ಡು ಕೊಡಿ. ಹಳೇ ಫೋನ್ ಕೊಳ್ಳುವವರು *#06# ಒತ್ತಿ ಬರುವ 15 ಅಂಕಿಯ ನಂಬರನ್ನು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನೋಡಿಕೊಳ್ಳಲಿ. ಕದ್ದ ಫೋನ್ ಅಂತ ಯಾರಾದರೂ ಬಂದ್ ಮಾಡಿಸಿದ್ದರೆ ಅಲ್ಲಿ ಗೊತ್ತಾಗುತ್ತದೆ.

ದೊಡ್ಡ ಫೋನಿನ ಕಥೆ ನನ್ನ ತಮ್ಮನದು. ಕೊಪ್ಪೀಕರ್ ರಸ್ತೆಯಲ್ಲಿ "ಶೂನ್ಯ ಬಡ್ಡಿ" ಅಂತ ಬೋರ್ಡ್ ನೋಡಿ ಒಳಗೆ ಹೋದ. ಫೋನಿನ ಬೆಲೆ 16,000 ರೂಪಾಯಿ. 4,000 ಮೊದಲು ಕಟ್ಟಿ, ಉಳಿದ 12,000ವನ್ನು ತಿಂಗಳಿಗೆ 1,500ರಂತೆ 8 ಕಂತು. ಲೆಕ್ಕ ಸರಿಯಾಗೇ ಇದೆ ಅಲ್ವಾ? ಆದರೆ ಫೈಲ್ ಚಾರ್ಜ್ ಅಂತ 599, ಕೇಳದೇ ಸೇರಿಸಿದ ಸ್ಕ್ರೀನ್ ವಿಮೆ 1,199. ಎಲ್ಲ ಕೂಡಿ 17,798. ಅದೇ ಅಂಗಡಿಯಲ್ಲಿ ಅದೇ ದಿನ ನಗದು ಕೊಟ್ಟು ಒಯ್ದವರಿಗೆ 15,200ಕ್ಕೆ ಕೊಟ್ಟರು. 2,598 ರೂಪಾಯಿ ಫರಕು. ಅದಕ್ಕೆ ಬಡ್ಡಿ ಅಂತ ಹೆಸರಿಲ್ಲ ಅಷ್ಟೇ. ರಿಸರ್ವ್ ಬ್ಯಾಂಕ್ 2013ರಲ್ಲೇ ಶೂನ್ಯ ಬಡ್ಡಿ ಅನ್ನೋದೇ ಇಲ್ಲ ಅಂತ ಬ್ಯಾಂಕುಗಳಿಗೆ ಬರೆದಿತ್ತು. ಕಂತಿನ ಮೇಲೆ ಕೊಳ್ಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಕೈಯಲ್ಲಿ ಒಟ್ಟಿಗೆ 15,000 ಇಲ್ಲದವರು ಕಾಲೇಜಿಗೆ ಹೋಗುವ ಮಗಳಿಗೆ ಬೇರೆ ಹೇಗೆ ಕೊಡಿಸಬೇಕು? ಆದರೆ ಸಹಿ ಮಾಡುವ ಮೊದಲು ಒಂದು ಹಾಳೆ ಕೇಳಿ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆ, ಎಲ್ಲ ಖರ್ಚು ಸೇರಿ ವರ್ಷಕ್ಕೆ ಎಷ್ಟು ಬೀಳುತ್ತದೆ ಅಂತ ಬರೆದ ಹಾಳೆಯನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ನಮಗೆ ಕನ್ನಡದಲ್ಲಿ ಅಂದ ಹಾಗಾಯಿತು. ತಮ್ಮನಿಗೆ ಕೊಟ್ಟದ್ದು ಇಂಗ್ಲಿಷ್ ಹಾಳೆ, ಅದೂ ಫೋನಿನ ಪರದೆ ಮೇಲೆ, ಬೆರಳು ಒತ್ತಿ ಅಂದರು, ಒತ್ತಿದ.

ಪೋಸ್ಟ್‌ಪೇಯ್ಡ್ ಬಗ್ಗೆ ಒಂದೇ ಮಾತು. ಜಾಹೀರಾತಿನಲ್ಲಿ ಬರೆದ ಬಾಡಿಗೆಯ ಮೇಲೆ 18% ಜಿಎಸ್‌ಟಿ ಬೇರೆ ಬೀಳುತ್ತದೆ. ಪ್ರಿಪೇಯ್ಡ್ ದರದಲ್ಲಿ ಅದು ಸೇರಿರುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವಾಗ ಇದು ನೆನಪಿರಲಿ.

ವರ್ಷದ ಪ್ಯಾಕ್ ಹಾಕಿಸುವ ಮೊದಲು ಮನೆಯೊಳಗೆ ನೆಟ್‌ವರ್ಕ್ ಬರುತ್ತದೆಯೋ ನೋಡಿ, ರಸ್ತೆಯಲ್ಲಿ ಅಲ್ಲ. ನಮ್ಮ ಕಡೆಯ ಹಳೇ ಮನೆಗಳ ಮಣ್ಣಿನ ಗೋಡೆ ಬಹಳ ದಪ್ಪ. ಅವ್ವ ಕಟ್ಟೆಯ ಮೇಲೆ ಕೂತರೆ ಮಾತು ಕೇಳುತ್ತದೆ, ಪಡಸಾಲೆಗೆ ಬಂದರೆ ಕಡಿದುಹೋಗುತ್ತದೆ. ರಾತ್ರಿ ಹೊತ್ತು ಏನಾದರೂ ಆದರೆ ಆಕೆ ಕಟ್ಟೆಗೆ ಬಂದು ನನಗೆ ಫೋನ್ ಮಾಡಬೇಕಾ? ಅದಕ್ಕೇ ಪಕ್ಕದ ಮನೆಯವರ ಫೋನ್ ಇಸಿದುಕೊಂಡು ಒಳಗೆಲ್ಲ ಓಡಾಡಿ ನೋಡಿದೆ, ಅವರ ಕಂಪನಿಯದ್ದು ಅಡುಗೆಮನೆಯಲ್ಲೂ ಬಂತು. ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸುವುದು 2011ರಿಂದ ಇಡೀ ದೇಶದಲ್ಲಿದೆ. ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಬರೆದು 1900ಕ್ಕೆ ಮೆಸೇಜ್ ಕಳಿಸಿದರೆ ಒಂದು ಕೋಡ್ ಬರುತ್ತದೆ. ನಮ್ಮಲ್ಲಿ ಅದು 4 ದಿನ ನಡೆಯುತ್ತದೆ. ಈಗಿರುವ ಕಂಪನಿಯಲ್ಲಿ 90 ದಿನ ಆಗಿರಬೇಕು. ಹಳೇ ಪ್ಯಾಕಿನಲ್ಲಿ ಉಳಿದ ದಿನಗಳು ಹೋಗುತ್ತವೆ, ಆದ್ದರಿಂದ ಪ್ಯಾಕ್ ಮುಗಿಯಲು ಬಂದಾಗಲೇ ಬದಲಿಸಿ. ಅವ್ವನದನ್ನು ಹಾಗೇ ಬದಲಿಸಿ, ಆಮೇಲೆ 365 ದಿನದ್ದು ಹಾಕಿಸಿದೆ. ವರ್ಷಕ್ಕೆ 738 ರೂಪಾಯಿ ಉಳಿಯಿತು.

ಈಗ ನಿಮ್ಮಲ್ಲಿ ನನ್ನದೊಂದು ವಿನಂತಿ. ನಮ್ಮ ಅಪ್ಪ ಪತ್ರಿಕೆ ಬಿಚ್ಚಿದ ಕೂಡಲೇ ನೋಡುತ್ತಿದ್ದದ್ದು ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ. ಕಡ್ಡಿ ಎಷ್ಟು, ಡಬ್ಬಿ ಎಷ್ಟು ಅಂತ ನೋಡಿಕೊಂಡೇ ಚೀಲ ಹೊರಿಸುತ್ತಿದ್ದ. ಅದೇ ಪುಟದಲ್ಲಿ ತಿಂಗಳಿಗೊಮ್ಮೆ ಒಂದು ಸಣ್ಣ ಚೌಕ ಕೊಡಿ. ಯಾವ ಕಂಪನಿಯಲ್ಲಿ ಬರೀ ಮಾತಿನ ಪ್ಯಾಕ್ ಎಷ್ಟಕ್ಕೆ, ಎಷ್ಟು ದಿನ, 30 ದಿನದ್ದು ಎಷ್ಟಕ್ಕೆ, ಅಷ್ಟೇ ಸಾಕು. ಫೋನ್ ಕಂಪನಿಗಳ ಪುಟಗಟ್ಟಲೆ ಜಾಹೀರಾತು ನೀವು ಹಾಕುತ್ತೀರಿ, ಅದು ಬೇಡ ಅನ್ನುವುದಿಲ್ಲ, ಆದರೆ ಈ ನಾಲ್ಕು ಸಾಲು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಅವ್ವನಿಗೆ ಅಕ್ಷರ ಕೂಡಿಸಿ ಓದಲು ಕಷ್ಟ, ಅಂಕಿ ಮಾತ್ರ ಚೆನ್ನಾಗಿ ಓದುತ್ತಾಳೆ. ನೀವು ಹಾಕಿದರೆ ಆ ಚೌಕ ಕತ್ತರಿಸಿ ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿಕೊಳ್ಳುತ್ತಾಳೆ.

ಇಂತಿ ನಿಮ್ಮ ಓದುಗ,
ವಿದ್ಯಾನಗರ, ಹುಬ್ಬಳ್ಳಿ