ಕೇಕಿನ ತೆರಿಗೆಯೂ ಸೋಲಿಸುತ್ತದೆ

ಮಾನ್ಯರೇ,

ಆರ್ಥಿಕತೆ ಕೆಟ್ಟರೆ ಸರ್ಕಾರ ಬೀಳುತ್ತದೆ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಆಸ್ಟ್ರೇಲಿಯಾದಲ್ಲಿ ಲೆಕ್ಕ ಅಷ್ಟು ಸಲೀಸಲ್ಲ.

1993ರಲ್ಲಿ ಅಲ್ಲಿ ನಿರುದ್ಯೋಗ ಶೇ 11ರ ಆಸುಪಾಸಿನಲ್ಲಿತ್ತು. ಪ್ರಧಾನಿ ಪಾಲ್ ಕೀಟಿಂಗ್ ಗೆಲ್ಲುವುದಿಲ್ಲ ಅಂತಲೇ ಬಹಳ ಜನ ಅಂದುಕೊಂಡಿದ್ದರು. ಆದರೆ ಎದುರಾಳಿ ಜಾನ್ ಹ್ಯೂಸನ್ ಶೇ 15ರ ಜಿಎಸ್‌ಟಿ ತರುತ್ತೇನೆ ಅಂದರು. ಹುಟ್ಟುಹಬ್ಬದ ಕೇಕಿಗೆ ತೆರಿಗೆ ಬೀಳುತ್ತದಾ ಎಂದು ಟಿವಿಯಲ್ಲಿ ಕೇಳಿದರೆ ತಡವರಿಸಿದರು. ಜಿಎಸ್‌ಟಿ ದರಗಳ ಗೋಜಲು ಕಂಡ ನಮಗೆ ಅವರ ಪಾಡು ಅರ್ಥವಾಗುತ್ತದೆ, ಅಲ್ವಾ? ಕೀಟಿಂಗ್ ಗೆದ್ದರು.

2007ರಲ್ಲಿ ಇದರ ತಿರುಗುಮುರುಗು. ಗಣಿಗಾರಿಕೆ ಜೋರಾಗಿತ್ತು, ನಿರುದ್ಯೋಗ ಮೂರು ದಶಕಗಳಲ್ಲೇ ಕಡಿಮೆ ಇತ್ತು. ಆದರೂ ಪ್ರಧಾನಿ ಜಾನ್ ಹೋವರ್ಡ್ ಸೋತರು, ಸ್ವಂತ ಕ್ಷೇತ್ರ ಬೆನೆಲಾಂಗ್ ಕೂಡ ಕೈತಪ್ಪಿತು. ಅವರು ತಂದ ಕಾರ್ಮಿಕ ಕಾನೂನು ದುಡಿಯುವವರಿಗೆ ಸಿಟ್ಟು ತರಿಸಿತ್ತು. ಸಾಲದ್ದಕ್ಕೆ ಪ್ರಚಾರದ ನಡುವೆಯೇ ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಿತು. 2004ರಲ್ಲಿ ಬಡ್ಡಿ ಕಡಿಮೆ ಇಡುತ್ತೇವೆ ಎಂದು ಹೇಳಿಯೇ ಗೆದ್ದವರು ಅವರು!

2022-23ರಲ್ಲಿ ಬಡ್ಡಿ 13 ಸಲ ಏರಿತು. ಮನೆ ಸಾಲದವರು ಒದ್ದಾಡಿದರು. 2025ರ ಫೆಬ್ರುವರಿಯಲ್ಲಿ ಸ್ವಲ್ಪ ಇಳಿಯಿತು ನಿಜ. ಆದರೆ ಮೇ ತಿಂಗಳ ಚುನಾವಣೆಯಲ್ಲಿ ಪ್ರಧಾನಿ ಆಲ್ಬನೀಸ್ ಅವರ ಲೇಬರ್ ಪಕ್ಷಕ್ಕೆ 150ರಲ್ಲಿ 94 ಸ್ಥಾನ ಕೊಟ್ಟಿದ್ದು ಬರೀ ಆ ಇಳಿಕೆ ಅಂದರೆ ನಾನು ಒಪ್ಪುವುದಿಲ್ಲ. ಟ್ರಂಪ್ ಗದ್ದಲ, ಆಗಿನ ವಿರೋಧ ಪಕ್ಷದ ನಾಯಕ ಪೀಟರ್ ಡಟ್ಟನ್ ಅವರ ಎಡವಟ್ಟುಗಳ ಪಾಲೂ ಜಾಸ್ತಿಯೇ ಇತ್ತು.

– ಓದುಗರೊಬ್ಬರು, ಮೈಸೂರು